ಮನೆ, ಕಚೇರಿ, ಮಾಲ್ ಒಂದೇ ಆವರಣದಲ್ಲಿ: ಬೆಂಗಳೂರಿನ ಬೃಹತ್ ಮಿಶ್ರ ಬಳಕೆ ಯೋಜನೆಗಳೂ ವಲಯ ನಿಯಮಗಳೂ

ಹತ್ತಾರು ಎಕರೆಯ ಒಂದೇ ಆವರಣದಲ್ಲಿ ಮನೆಗಳು, ಐಟಿ ಕಚೇರಿಗಳು, ಮಾಲ್, ಹೋಟೆಲ್, ಕೆಲವೊಮ್ಮೆ ಶಾಲೆ ಮತ್ತು ಆಸ್ಪತ್ರೆಯನ್ನೂ ಕಟ್ಟುವ ಯೋಜನೆಗೆ ಮಿಶ್ರ ಬಳಕೆಯ ಅಭಿವೃದ್ಧಿ ಎಂದು ಹೆಸರು. ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ, ಬಳ್ಳಾರಿ ರಸ್ತೆ, ವೈಟ್‌ಫೀಲ್ಡ್ ಕಡೆಗಳಲ್ಲಿ ಕಳೆದ ಎರಡು ದಶಕಗಳಲ್ಲಿ ಊರು ಬೆಳೆದದ್ದು ಬಹುಪಾಲು ಇಂಥ ಆವರಣಗಳ ಮೂಲಕವೇ. ಒಂದೊಂದು ಯೋಜನೆಯೂ ಒಂದು ಸಣ್ಣ ಪಟ್ಟಣದಷ್ಟು ನೀರು ಕುಡಿಯುತ್ತದೆ, ಅಷ್ಟೇ ಕೊಳಚೆ ಹೊರಬಿಡುತ್ತದೆ, ಅಷ್ಟೇ ವಾಹನಗಳನ್ನು ರಸ್ತೆಗೆ ಇಳಿಸುತ್ತದೆ. ಹಾಗಾಗಿ ಅದನ್ನು ಯಾರು, ಯಾವ ಹಂತದಲ್ಲಿ, ಯಾವ ಅಳತೆಗೋಲು ಹಿಡಿದು ಪರಿಶೀಲಿಸುತ್ತಾರೆ ಎಂಬುದು ಇಡೀ ನಗರದ ಪ್ರಶ್ನೆ.

ಈ ಲೇಖನ ಬೆಂಗಳೂರಿನ ಪರಿಶೀಲನಾ ಕ್ರಮವನ್ನು ಹಂತಹಂತವಾಗಿ ವಿವರಿಸುತ್ತದೆ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಎರಡು ಯೋಜನೆಗಳು ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಕರಣವನ್ನು ಉದಾಹರಣೆಯಾಗಿ ಹತ್ತಿರದಿಂದ ನೋಡುತ್ತದೆ. ಆ ಪ್ರಕರಣ ಕಲಿಸಿದ ಪಾಠ ಸ್ಪಷ್ಟ: ಕೆರೆಗೆ ಎಷ್ಟು ಜಾಗ, ಕಟ್ಟಡಕ್ಕೆ ಎಷ್ಟು ಜಾಗ ಎಂಬುದು ತೀರ್ಮಾನವಾಗುವುದು ಮಾಸ್ಟರ್ ಪ್ಲಾನಿನಲ್ಲಿ. ಅಲ್ಲಿ ಬಿಟ್ಟುಕೊಟ್ಟದ್ದನ್ನು ಆಮೇಲೆ ನ್ಯಾಯಾಲಯದಲ್ಲಿ ಗೆದ್ದುಕೊಳ್ಳುವುದು ಬಹಳ ಕಷ್ಟ.

ಪೇಟೆಯಿಂದ ಟೌನ್‌ಶಿಪ್‌ವರೆಗೆ

ಮಿಶ್ರ ಬಳಕೆ ನಮಗೆ ಹೊಸದೇನಲ್ಲ. ಹಳೆಯ ಬೆಂಗಳೂರಿನ ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ, ಕುಂಬಾರಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಹಿತ್ತಿಲಲ್ಲಿ ಕಸುಬು ಇದ್ದವು. ಒಂದೊಂದು ಪೇಟೆಯೂ ಒಂದೊಂದು ವ್ಯಾಪಾರಕ್ಕೆ ಹೆಸರಾಗಿದ್ದರೂ ವಾಸ ಮತ್ತು ವ್ಯವಹಾರ ಬೇರೆ ಬೇರೆ ಇರಲಿಲ್ಲ. 1898ರ ಪ್ಲೇಗ್ ಆ ಕಿಕ್ಕಿರಿದ ಬದುಕಿಗೆ ದೊಡ್ಡ ಪೆಟ್ಟು ಕೊಟ್ಟಿತು. ಗಾಳಿ ಬೆಳಕು ಧಾರಾಳವಾಗಿ ಬರುವ ಬಡಾವಣೆಗಳು ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ನೇರ ರಸ್ತೆ, ಅಡ್ಡರಸ್ತೆಗಳ ಲೆಕ್ಕದಲ್ಲಿ ರೂಪಿಸಲಾಯಿತು. ಮನೆಗೆ ಒಂದು ಜಾಗ, ಮಾರುಕಟ್ಟೆಗೆ ಇನ್ನೊಂದು ಜಾಗ ಎಂಬ ವಿಂಗಡಣೆ ಅಲ್ಲಿಂದ ಬಲವಾಯಿತು. 1945ರಲ್ಲಿ ಬಂದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಇದೇ ದಾರಿಯಲ್ಲಿ ಬಡಾವಣೆಗಳನ್ನು ಮಾಡುತ್ತ ಹೋದವು.

ಇಂದಿನ ಬೃಹತ್ ಯೋಜನೆಗಳು ವಾಸ ಮತ್ತು ವ್ಯವಹಾರವನ್ನು ಮತ್ತೆ ಒಂದೆಡೆ ತರುತ್ತವೆ, ಆದರೆ ಗೇಟಿನೊಳಗೆ. ವಿಠಲ ಮಲ್ಯ ರಸ್ತೆಯ ಯುಬಿ ಸಿಟಿ ಹಳೆಯ ಬ್ರೂವರಿ ಇದ್ದ ಜಾಗದಲ್ಲಿ ಎದ್ದಿತು. ಮಲ್ಲೇಶ್ವರ–ರಾಜಾಜಿನಗರದ ಅಂಚಿನಲ್ಲಿರುವ ಬ್ರಿಗೇಡ್ ಗೇಟ್‌ವೇ ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಸುಮಾರು 40 ಎಕರೆಯಲ್ಲಿ ಬಂತು. ಅಪಾರ್ಟ್‌ಮೆಂಟು, ವರ್ಲ್ಡ್ ಟ್ರೇಡ್ ಸೆಂಟರ್, ಓರಾಯನ್ ಮಾಲ್, ಹೋಟೆಲ್, ಆಸ್ಪತ್ರೆ ಎಲ್ಲವೂ ಅಲ್ಲಿ ಅಕ್ಕಪಕ್ಕದಲ್ಲಿವೆ. ಕಾರ್ಖಾನೆಯ ಜಾಗ ಹೀಗೆ ಬದಲಾಗುವುದು ಒಂದು ಬಗೆ. ಊರಂಚಿನ ಗದ್ದೆ, ತೋಟ, ಕೆರೆಯ ಅಚ್ಚುಕಟ್ಟು ಬದಲಾಗುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ನೀರು ಹರಿಯುವ ದಾರಿಯೇ ನಿವೇಶನದೊಳಗೆ ಸಿಕ್ಕಿಕೊಳ್ಳುವುದರಿಂದ ಅದರ ಪರಿಶೀಲನೆ ಹೆಚ್ಚು ಸೂಕ್ಷ್ಮವಾದದ್ದು.

ವಲಯ ನಿಯಮಗಳ ಬೇರು

ಬೆಂಗಳೂರಿನ ಭೂಬಳಕೆಗೆ ಆಧಾರವಾದ ಕಾನೂನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರ ಪ್ರಕಾರ ಪ್ರತಿ ಯೋಜನಾ ಪ್ರದೇಶಕ್ಕೂ ಮಾಸ್ಟರ್ ಪ್ಲಾನ್ ಇರಬೇಕು. ಜನರ ಬಾಯಲ್ಲಿ ಇದು ಇಂದಿಗೂ ‘ಸಿಡಿಪಿ’. ಬೆಂಗಳೂರಿಗೆ 1972ರಲ್ಲಿ ರೂಪುರೇಷೆ ಅಭಿವೃದ್ಧಿ ಯೋಜನೆ, 1984ರಲ್ಲಿ ಸಮಗ್ರ ಅಭಿವೃದ್ಧಿ ಯೋಜನೆ, 1995ರಲ್ಲಿ ಅದರ ಪರಿಷ್ಕರಣೆ, 2007ರ ಜೂನ್‌ನಲ್ಲಿ ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’ ಬಂದವು. ಅದರ ಮುಂದಿನದಾದ 2031ರ ಯೋಜನೆಯ ಕರಡು 2017ರ ನವೆಂಬರ್‌ನಲ್ಲಿ ಪ್ರಕಟವಾಗಿ ಸಾವಿರಾರು ಆಕ್ಷೇಪಣೆಗಳನ್ನು ಕಂಡಿತು. ಕೊನೆಗೆ ಅದನ್ನು ಹಿಂತೆಗೆದುಕೊಳ್ಳಲಾಯಿತು. ಹೀಗಾಗಿ ಹೆಸರಿನಲ್ಲೇ 2015 ಎಂದಿರುವ ಯೋಜನೆ ತನ್ನ ಅವಧಿ ದಾಟಿ ವರ್ಷಗಟ್ಟಲೆ ನಗರವನ್ನು ಆಳುತ್ತಾ ಬಂದಿದೆ.

ಮಾಸ್ಟರ್ ಪ್ಲಾನಿಗೆ ಎರಡು ಭಾಗ. ಒಂದು ನಕ್ಷೆ. ಅದರಲ್ಲಿ ವಸತಿ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಬಳಕೆ, ಉದ್ಯಾನ, ಕೃಷಿ ಎಂದು ಪ್ರತಿ ಸರ್ವೆ ನಂಬರಿಗೂ ಒಂದು ಬಣ್ಣ. ಇನ್ನೊಂದು ವಲಯ ನಿಯಮಾವಳಿ. ಆಯಾ ಬಣ್ಣದ ಜಾಗದಲ್ಲಿ ಏನು ಕಟ್ಟಬಹುದು, ಎಷ್ಟು ಕಟ್ಟಬಹುದು, ಸುತ್ತ ಎಷ್ಟು ಬಿಡಬೇಕು, ಎಷ್ಟು ವಾಹನ ನಿಲುಗಡೆ ಕೊಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. 2015ರ ಯೋಜನೆ ವಸತಿ ವಲಯವನ್ನು ‘ಮುಖ್ಯ’ ಮತ್ತು ‘ಮಿಶ್ರ’ ಎಂದು ಎರಡಾಗಿ ಒಡೆದು, ವಸತಿ ಬೀದಿಗಳಲ್ಲಿ ವಾಣಿಜ್ಯಕ್ಕೆ ಮೊದಲಿಗಿಂತ ಹೆಚ್ಚು ಬಾಗಿಲು ತೆರೆಯಿತು. ಕೋರಮಂಗಲ, ಇಂದಿರಾನಗರದಂಥ ಬಡಾವಣೆಗಳ ನಿವಾಸಿಗಳು ಇದರ ವಿರುದ್ಧ ಹಲವು ವರ್ಷ ಹೋರಾಡಿದರು, ಹೈಕೋರ್ಟಿನ ಮೆಟ್ಟಿಲನ್ನೂ ಏರಿದರು. ಮನೆಯ ಪಕ್ಕ ದಿನಸಿ ಅಂಗಡಿ, ಔಷಧದಂಗಡಿ ಬೇಡ ಎನ್ನುವವರು ಯಾರೂ ಇರಲಿಲ್ಲ. 30 ಅಡಿ ರಸ್ತೆಯಲ್ಲಿ ಪಬ್ಬು ಬಂದಾಗ, ಪಾರ್ಕಿಂಗ್ ಇಲ್ಲದ ಕಚೇರಿ ಬಂದಾಗ ಆ ಬೀದಿಯ ಬಾಳು ಕೆಡುತ್ತದೆ ಎಂಬುದು ಅವರ ಅಳಲು.

ನಕ್ಷೆಯಲ್ಲಿರುವ ಬಳಕೆಯನ್ನು ಬದಲಾಯಿಸಲೂ ಕಾನೂನಿನಲ್ಲಿ ದಾರಿಯಿದೆ. ಕಾಯ್ದೆಯ 14ಎ ಕಲಮಿನಡಿ ಯೋಜನಾ ಪ್ರಾಧಿಕಾರ ಸರ್ಕಾರದ ಪೂರ್ವಾನುಮತಿ ಪಡೆದು ಭೂಬಳಕೆ ಬದಲಾಯಿಸಬಹುದು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಪತ್ರಿಕೆಯ ಒಳಪುಟದ ಸಣ್ಣಕ್ಷರದಲ್ಲಿ ಬರುವ ಸರ್ವೆ ನಂಬರುಗಳ ಈ ಪಟ್ಟಿಯನ್ನು ಓದುವವರು ಕಡಿಮೆ. ಕೆರೆಯ ಕೆಳಗಿನ ಜಮೀನು ಅಪಾರ್ಟ್‌ಮೆಂಟ್ ಆಗುವ ಕಥೆ ಎಷ್ಟೋ ಸಲ ಆರಂಭವಾಗುವುದು ಅಲ್ಲಿಂದಲೇ.

ಎಫ್‌ಎಆರ್: ಎಷ್ಟು ಕಟ್ಟಬಹುದು?

ಯಾವುದೇ ಯೋಜನೆಯ ಗಾತ್ರವನ್ನು ನಿರ್ಧರಿಸುವ ಸಂಖ್ಯೆ ನೆಲವಿಸ್ತೀರ್ಣ ಅನುಪಾತ, ಅಂದರೆ ಎಲ್ಲರೂ ಹೇಳುವ ಎಫ್‌ಎಆರ್. ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬುದರ ಲೆಕ್ಕ ಅದು. ಒಂದು ಎಕರೆ ಎಂದರೆ 43,560 ಚದರಡಿ. ಎಫ್‌ಎಆರ್ 1 ಇದ್ದರೆ ಎಲ್ಲ ಮಹಡಿಗಳೂ ಸೇರಿ ಅಷ್ಟೇ ಕಟ್ಟಬಹುದು. 3.25 ಇದ್ದರೆ 1,41,570 ಚದರಡಿ ಕಟ್ಟಬಹುದು. 2015ರ ಯೋಜನೆಯ ಕೋಷ್ಟಕಗಳಲ್ಲಿ ನಿವೇಶನ ದೊಡ್ಡದಾದಂತೆ, ಎದುರಿನ ರಸ್ತೆ ಅಗಲವಾದಂತೆ ಎಫ್‌ಎಆರ್ ಏರುತ್ತ ವಸತಿಯಲ್ಲಿ 3.25ರವರೆಗೆ ಹೋಗುತ್ತದೆ. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಸಿಗುವ ಅಭಿವೃದ್ಧಿ ಹಕ್ಕು (ಟಿಡಿಆರ್), ಹಣ ಕಟ್ಟಿ ಪಡೆಯುವ ಪ್ರೀಮಿಯಂ ಎಫ್‌ಎಆರ್ ಇದಕ್ಕೆ ಮತ್ತಷ್ಟು ಸೇರಿಸುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಫ್‌ಎಆರ್ ಲೆಕ್ಕಕ್ಕೆ ರಸ್ತೆಯ ಅಗಲ ಬರುತ್ತದೆ, ನೀರು ಬರುವುದಿಲ್ಲ. ಒಂದು ಸಾವಿರ ಮನೆಗಳ ಯೋಜನೆಯನ್ನು ತೆಗೆದುಕೊಳ್ಳಿ. ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂಬ ವಾಡಿಕೆಯ ಲೆಕ್ಕ ಹಿಡಿದರೆ ದಿನಕ್ಕೆ 5,40,000 ಲೀಟರ್ ಬೇಕು. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಅದು ದಿನಕ್ಕೆ 45 ಟ್ಯಾಂಕರ್. ಕಚೇರಿ, ಮಾಲ್, ಹೋಟೆಲುಗಳ ಬಳಕೆ ಇದರ ಮೇಲೆ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ ನಗರ ಪರದಾಡಿದಾಗ ಅತಿ ಹೆಚ್ಚು ಬವಣೆ ಪಟ್ಟವರಲ್ಲಿ ಹೊರವಲಯದ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಜನರೂ ಇದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಚಾಲನೆಗೊಂಡಿತು. ಮನೆಗಳು ಮೊದಲು ಬಂದವು, ನೀರು ಆಮೇಲೆ ಬಂತು.

ಕಡತ ಸಾಗುವ ದಾರಿ

ದೊಡ್ಡ ಯೋಜನೆಯೊಂದು ಕಾಗದದಿಂದ ನೆಲಕ್ಕಿಳಿಯಲು ಹಲವು ಕಚೇರಿಗಳ ಮೇಜು ದಾಟಬೇಕು. ಮುಖ್ಯ ಹಂತಗಳು ಇವು:

ಭೂ ಪರಿವರ್ತನೆ. ಕೃಷಿ ಜಮೀನಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಯಿಂದ ಪರಿವರ್ತನೆ ಆಗಬೇಕು. ಕೈಗಾರಿಕೆಗೆಂದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಸ್ವಾಧೀನ ಮಾಡಿಕೊಂಡು ಹಂಚಿದ ಜಮೀನಾದರೆ ದಾರಿಯೇ ಬೇರೆ.

ಅಭಿವೃದ್ಧಿ ನಕ್ಷೆ. 20,000 ಚದರ ಮೀಟರಿಗಿಂತ, ಅಂದರೆ ಸುಮಾರು ಐದು ಎಕರೆಗಿಂತ ದೊಡ್ಡ ವಸತಿ ಯೋಜನೆಗಳು ಯೋಜನಾ ಪ್ರಾಧಿಕಾರದಿಂದ ಇಡೀ ಜಾಗದ ನಕ್ಷೆಗೆ ಒಪ್ಪಿಗೆ ಪಡೆಯಬೇಕು. ಶೇ 10ರಷ್ಟು ಜಾಗ ಉದ್ಯಾನ ಮತ್ತು ತೆರೆದ ಸ್ಥಳಕ್ಕೆ, ಶೇ 5ರಷ್ಟು ನಾಗರಿಕ ಸೌಲಭ್ಯಕ್ಕೆ ಮೀಸಲು.

ನಿರಾಕ್ಷೇಪಣಾ ಪತ್ರಗಳು. ನೀರು ಮತ್ತು ಒಳಚರಂಡಿಗೆ ಜಲಮಂಡಳಿ, ವಿದ್ಯುತ್ತಿಗೆ ಬೆಸ್ಕಾಂ, ಬೆಂಕಿ ಸುರಕ್ಷತೆಗೆ ಅಗ್ನಿಶಾಮಕ ಇಲಾಖೆ, ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರ, ಮಾಲಿನ್ಯಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ.

ಪರಿಸರ ಅನುಮತಿ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಇದು ಕಡ್ಡಾಯ.

ನಕ್ಷೆ ಮಂಜೂರಾತಿ, ಪ್ರಾರಂಭ ಪ್ರಮಾಣಪತ್ರ, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿ, ಕೊನೆಗೆ ಸ್ವಾಧೀನಾನುಭವ ಪತ್ರ. ಈ ಕೊನೆಯದನ್ನು ಎಲ್ಲರೂ ‘ಒಸಿ’ ಎನ್ನುತ್ತಾರೆ. ಒಸಿ ಇಲ್ಲದೆ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಅದರ ತೂಕ ಹೆಚ್ಚಿದೆ.

ಪಟ್ಟಿ ಉದ್ದವಾಗಿದೆ, ಪ್ರತಿಯೊಂದಕ್ಕೂ ಅದರದೇ ಕಾರಣವೂ ಇದೆ. ಕೊರತೆ ಇರುವುದು ಜೋಡಣೆಯಲ್ಲಿ. ಅಗ್ನಿಶಾಮಕ ಇಲಾಖೆ ಬೆಂಕಿಯನ್ನಷ್ಟೇ ನೋಡುತ್ತದೆ, ಜಲಮಂಡಳಿ ಕೊಳವೆಯನ್ನಷ್ಟೇ ನೋಡುತ್ತದೆ. ಈ ನೆಲ ಈ ಭಾರವನ್ನು ಒಟ್ಟಾಗಿ ಹೊರಬಲ್ಲದೇ, ಪಕ್ಕದಲ್ಲೇ ಇನ್ನೂ ಮೂರು ಇಂಥ ಯೋಜನೆಗಳು ಬಂದರೆ ರಸ್ತೆ ಮತ್ತು ಕಾಲುವೆಗಳ ಗತಿ ಏನು ಎಂದು ಎಲ್ಲವನ್ನೂ ಒಂದೇ ಮೇಜಿನ ಮೇಲಿಟ್ಟು ಕೇಳುವ ಹೊಣೆ ಯಾರ ಮೇಲೂ ಪೂರ್ತಿಯಾಗಿ ಇಲ್ಲ.

ಪರಿಸರ ಅನುಮತಿ ಮತ್ತು ಅದರ ಮಿತಿ

ಒಟ್ಟಾರೆ ಪರಿಣಾಮವನ್ನು ನೋಡಲು ಇರುವ ಏಕೈಕ ಗಟ್ಟಿ ಅವಕಾಶ ಪರಿಸರ ಅನುಮತಿ. 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆ ಕಟ್ಟಡಗಳನ್ನು ಎರಡು ಗುಂಪು ಮಾಡುತ್ತದೆ. 20,000ದಿಂದ 1,50,000 ಚದರ ಮೀಟರಿನೊಳಗಿನ ಕಟ್ಟಡಗಳು 8(ಎ). ಅದಕ್ಕಿಂತ ದೊಡ್ಡವು ಅಥವಾ 50 ಹೆಕ್ಟೇರು ಮುಟ್ಟುವ ಟೌನ್‌ಶಿಪ್‌ಗಳು 8(ಬಿ). 1,50,000 ಚದರ ಮೀಟರ್ ಎಂದರೆ ಸುಮಾರು 16 ಲಕ್ಷ ಚದರಡಿ. ಅರ್ಜಿಯನ್ನು ರಾಜ್ಯದ ತಜ್ಞರ ಸಮಿತಿ ಪರಿಶೀಲಿಸಿ ಶಿಫಾರಸು ಮಾಡುತ್ತದೆ, ರಾಜ್ಯ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರ ಷರತ್ತು ಹಾಕಿ ಅನುಮತಿ ಕೊಡುತ್ತದೆ.

ಗಣಿ, ಅಣೆಕಟ್ಟು, ದೊಡ್ಡ ಕಾರ್ಖಾನೆಗಳಿಗೆ ಇದೇ ಅಧಿಸೂಚನೆ ಸಾರ್ವಜನಿಕ ವಿಚಾರಣೆಯನ್ನು ಕಡ್ಡಾಯ ಮಾಡುತ್ತದೆ. ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಅದರಿಂದ ವಿನಾಯಿತಿ ಇದೆ. ಅಂದರೆ ಹತ್ತು ಸಾವಿರ ಜನ ವಾಸಿಸುವ, ಇಪ್ಪತ್ತು ಸಾವಿರ ಜನ ಕೆಲಸಕ್ಕೆ ಬರುವ ಆವರಣ ಪಕ್ಕದಲ್ಲೇ ಏಳುತ್ತಿದ್ದರೂ ಅಕ್ಕಪಕ್ಕದ ನಿವಾಸಿಗಳನ್ನು ಕರೆದು ಮಾತು ಕೇಳಬೇಕೆಂಬ ಕಟ್ಟುಪಾಡು ಇಲ್ಲ. ಸಭೆಯ ನಡಾವಳಿಯನ್ನು ಹುಡುಕಿ ಓದುವಷ್ಟು ಛಲ ಇರುವವರಿಗೆ ಮಾತ್ರ ವಿಷಯ ತಿಳಿಯುತ್ತದೆ. ನಗರ ಪರಿಶೀಲನೆಯ ಅತಿ ದೊಡ್ಡ ಕಂಡಿ ಇದು.

ಅಗರ–ಬೆಳ್ಳಂದೂರು: ಎರಡು ಯೋಜನೆ, ಎರಡು ಕೆರೆ

ಬೆಂಗಳೂರು ನಿಂತಿರುವುದು ಎತ್ತರದ ದಿಣ್ಣೆಯ ಮೇಲೆ. ಇಲ್ಲಿ ದೊಡ್ಡ ನದಿಯಿಲ್ಲ. ಮಳೆ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ಹಿರಿಯರು ಈ ಇಳಿಜಾರಿಗೆ ತಕ್ಕಂತೆ ಸಾಲು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಅಗರ ಕೆರೆಯ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಬೆಳ್ಳಂದೂರು ಸುಮಾರು 900 ಎಕರೆಯ, ನಗರದ ಅತಿ ದೊಡ್ಡ ಕೆರೆ. ಎರಡು ಕೆರೆಗಳ ನಡುವಿನ ತಗ್ಗು ಜೌಗು ನೆಲ ನೀರನ್ನು ತಡೆದು, ಹೀರಿ, ಸೋಸಿ ಕಳಿಸುತ್ತದೆ.

ಅಗರ ಮತ್ತು ಬೆಳ್ಳಂದೂರಿನ ನಡುವಿನ ಇಂಥದೇ ಸುಮಾರು 80 ಎಕರೆ ಜಾಗದಲ್ಲಿ ಎರಡು ಕಂಪನಿಗಳ ಯೋಜನೆಗಳು ರೂಪುಗೊಂಡವು. ಜಮೀನು ಕೆಐಎಡಿಬಿ ಮೂಲಕ ಬಂದದ್ದು. ದೊಡ್ಡ ಯೋಜನೆಯಲ್ಲಿ ಐಟಿ ವಿಶೇಷ ಆರ್ಥಿಕ ವಲಯ, ಅಪಾರ್ಟ್‌ಮೆಂಟು, ಮಾಲ್, ಹೋಟೆಲ್ ಎಲ್ಲವೂ ಇದ್ದವು. 2012ರಲ್ಲಿ ಪರಿಸರ ಅನುಮತಿಯೂ ದೊರೆಯಿತು. ಕೆಲಸ ಶುರುವಾದಾಗ ರಾಜಕಾಲುವೆ ಮತ್ತು ಜೌಗು ನೆಲಕ್ಕೆ ಹಾನಿಯಾಗುತ್ತಿದೆ ಎಂದು ಫಾರ್ವರ್ಡ್ ಫೌಂಡೇಶನ್, ಪ್ರಜಾ-ರಾಗ್, ಬೆಂಗಳೂರು ಪರಿಸರ ಟ್ರಸ್ಟ್ ಸೇರಿದ ನಾಗರಿಕರ ಗುಂಪು 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು.

2015ರ ಮೇ 7ರಂದು ನ್ಯಾಯಮಂಡಳಿ ನಿಯಮ ಉಲ್ಲಂಘನೆ ಆಗಿದೆಯೆಂದು ಕಂಡುಕೊಂಡು, ಯೋಜನಾ ವೆಚ್ಚದ ಶೇ 5ರಂತೆ ಮಂತ್ರಿ ಟೆಕ್‌ಜೋನ್ ಕಂಪನಿಗೆ 117.35 ಕೋಟಿ ರೂಪಾಯಿ, ಕೋರ್ ಮೈಂಡ್ ಕಂಪನಿಗೆ 22.5 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. 2016ರ ಮೇ 4ರ ಆದೇಶದಲ್ಲಿ ಎರಡನೆಯ ಮೊತ್ತ 13.5 ಕೋಟಿಗೆ ಇಳಿಯಿತು. ಅದೇ ಆದೇಶದಲ್ಲಿ ನ್ಯಾಯಮಂಡಳಿ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು: ಬೆಂಗಳೂರಿನ ಎಲ್ಲ ಕೆರೆ, ರಾಜಕಾಲುವೆಗಳಿಗೂ ಬಫರ್ ವಲಯವನ್ನು ಹಿಗ್ಗಿಸಿತು.

30 ಮೀಟರೋ, 75 ಮೀಟರೋ?

2015ರ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಯ ಅಂಚಿನಿಂದ 30 ಮೀಟರ್ ಏನನ್ನೂ ಕಟ್ಟುವಂತಿಲ್ಲ. ಪ್ರಾಥಮಿಕ ರಾಜಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್, ಅದೂ ಕಾಲುವೆಯ ನಡುಗೆರೆಯಿಂದ ಅಳೆದು. ನ್ಯಾಯಮಂಡಳಿ ಕೆರೆಗೆ 75, ಕಾಲುವೆಗಳಿಗೆ ಕ್ರಮವಾಗಿ 50, 35, 25 ಮೀಟರ್ ಎಂದಿತು. ಅಳತೆಯನ್ನೂ ಕಾಲುವೆಯ ಅಂಚಿನಿಂದ ಹಿಡಿಯಿತು.

ಈ ಅಂಕಿಗಳನ್ನು ನೆಲದ ಮೇಲೆ ಹರಡಿ ನೋಡಬೇಕು. ಕೆರೆಯ ಒಂದು ಕಿಲೋಮೀಟರ್ ಅಂಚಿಗೆ 30 ಮೀಟರ್ ಬಫರ್ ಎಂದರೆ 30,000 ಚದರ ಮೀಟರ್, ಏಳು ಎಕರೆ ಚಿಲ್ಲರೆ. 75 ಮೀಟರ್ ಎಂದರೆ ಹದಿನೆಂಟೂವರೆ ಎಕರೆ. ಕಿಲೋಮೀಟರಿಗೆ ಹನ್ನೊಂದು ಎಕರೆಯ ವ್ಯತ್ಯಾಸ. ಕೆರೆಗೆ ಅದು ಉಸಿರಾಡುವ ಜಾಗ, ಕಟ್ಟುವವರಿಗೆ ಕೋಟಿಗಳ ಬೆಲೆಯ ಜಾಗ. ಆಗಲೇ ಮಂಜೂರಾತಿ ಪಡೆದು ಮನೆ ಕಟ್ಟಿಕೊಂಡ, ಸಾಲ ಮಾಡಿ ಫ್ಲ್ಯಾಟ್ ಕೊಂಡ ಸಾಮಾನ್ಯರೂ ಈ ಆದೇಶದಿಂದ ಆತಂಕಕ್ಕೆ ಬಿದ್ದರು. ಅವರ ಆತಂಕ ನ್ಯಾಯವಾದದ್ದೇ ಆಗಿತ್ತು.

ಸರ್ಕಾರ ಮತ್ತು ಬಿಲ್ಡರುಗಳು ಸುಪ್ರೀಂ ಕೋರ್ಟಿಗೆ ಹೋದರು. 2019ರ ಮಾರ್ಚ್ 5ರಂದು ಬಂದ ತೀರ್ಪು ಎರಡು ಮಾತು ಹೇಳಿತು. ಎರಡು ಕಂಪನಿಗಳ ಮೇಲಿನ ದಂಡ ಉಳಿಯಿತು. ಬಫರ್ ಹಿಗ್ಗಿಸಿದ ಆದೇಶ ಮಾತ್ರ ರದ್ದಾಯಿತು. ಮಾಸ್ಟರ್ ಪ್ಲಾನ್ ಶಾಸನದ ಬಲ ಇರುವ ದಾಖಲೆ, ಅದರಲ್ಲಿರುವ ಅಳತೆಯನ್ನು ನ್ಯಾಯಮಂಡಳಿ ತನ್ನ ಆದೇಶದಿಂದ ತಿದ್ದುವಂತಿಲ್ಲ ಎಂಬುದು ಅದರ ತಿರುಳು. ಮತ್ತೆ 30 ಮೀಟರೇ ನಿಂತಿತು.

ತೀರ್ಪಿನ ಈ ತರ್ಕವನ್ನು ನಗರದ ಬಗ್ಗೆ ಕಾಳಜಿ ಇರುವ ಪ್ರತಿಯೊಬ್ಬರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ಯೋಜನೆ ತನ್ನ ಷರತ್ತು ಮುರಿದರೆ ನ್ಯಾಯಾಲಯ ಶಿಕ್ಷಿಸಬಲ್ಲದು. ನಿಯಮವೇ ಸಡಿಲವಾಗಿದ್ದರೆ ನ್ಯಾಯಾಲಯದ ಕೈ ಕಟ್ಟಿರುತ್ತದೆ. ಈ ಮೊಕದ್ದಮೆ ನಡೆಯುತ್ತಿರುವಾಗಲೇ ಬೆಳ್ಳಂದೂರು ಕೆರೆ 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಹೊತ್ತಿ ಉರಿಯಿತು. 2022ರ ಸೆಪ್ಟೆಂಬರ್‌ನ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು ಸುತ್ತಲಿನ ಬಡಾವಣೆಗಳು ಮುಳುಗಿ, ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತರಬೇಕಾಯಿತು. ನೀರು ತನ್ನ ಹಳೆಯ ಇಳಿಜಾರನ್ನೇ ಹಿಡಿದು ಬಂದಿತ್ತು. ಆ ದಾರಿ ಗ್ರಾಮ ನಕ್ಷೆಗಳಲ್ಲಿ ಇಂದಿಗೂ ಗುರುತಾಗಿದೆ.

ನ್ಯೂಯಾರ್ಕ್ ಮಾಡುವ ಬಗೆ

ಹೋಲಿಕೆಗೆ ನ್ಯೂಯಾರ್ಕ್ ನಗರದ ಕ್ರಮವನ್ನು ನೋಡಬಹುದು. ಅಲ್ಲಿ 1975ರ ನಗರ ಸನ್ನದಿನ ತಿದ್ದುಪಡಿಯಿಂದ ಬಂದ ಏಕರೂಪ ಭೂಬಳಕೆ ಪರಿಶೀಲನೆಗೆ ದಿನಗಳ ಗಡುವು ಗೊತ್ತುಮಾಡಲಾಗಿದೆ. ದೊಡ್ಡ ಯೋಜನೆಗೆ ವಲಯ ಬದಲಾವಣೆ ಬೇಕಾದರೆ ಅರ್ಜಿ ಮೊದಲು ಸ್ಥಳೀಯ ಸಮುದಾಯ ಮಂಡಳಿಯ ಮುಂದೆ ಹೋಗುತ್ತದೆ. ಅಂಥ 59 ಮಂಡಳಿಗಳಿವೆ. 60 ದಿನದೊಳಗೆ ಮಂಡಳಿ ಬಹಿರಂಗ ಸಭೆ ಕರೆದು ಜನರ ಮಾತು ಕೇಳಿ ಅಭಿಪ್ರಾಯ ಕೊಡಬೇಕು. ನಂತರ ಬರೋ ಎಂಬ ನಗರ ವಿಭಾಗದ ಅಧ್ಯಕ್ಷರಿಗೆ 30 ದಿನ, ನಗರ ಯೋಜನಾ ಆಯೋಗಕ್ಕೆ 60 ದಿನ, ಚುನಾಯಿತ ನಗರ ಪರಿಷತ್ತಿಗೆ 50 ದಿನ. ಪರಿಸರ ಪರಿಣಾಮದ ವರದಿಯೂ ಇದೇ ಹಾದಿಯಲ್ಲಿ ಜೊತೆಗೆ ಸಾಗುತ್ತದೆ. ಮ್ಯಾನ್‌ಹಟನ್‌ನ ರೈಲು ಯಾರ್ಡಿನ ಮೇಲೆ ಎದ್ದ 28 ಎಕರೆಯ ಹಡ್ಸನ್ ಯಾರ್ಡ್ಸ್‌ಗೆ ದಾರಿ ಮಾಡಿದ 2005ರ ವಲಯ ಬದಲಾವಣೆ ಹೀಗೆಯೇ ಬಂದದ್ದು. ಹೊಸ ವಲಯದ ಜೊತೆಗೆ 7ನೇ ಮಾರ್ಗದ ಸುರಂಗ ರೈಲನ್ನು ವಿಸ್ತರಿಸುವ ಯೋಜನೆಯೂ ಸೇರಿತ್ತು. ಆ ನಿಲ್ದಾಣ 2015ರಲ್ಲಿ ತೆರೆಯಿತು, ಯಾರ್ಡಿನ ಪೂರ್ವ ಭಾಗದ ಮಾಲ್ ಮತ್ತು ಚೌಕ 2019ರಲ್ಲಿ ತೆರೆದವು. ರೈಲು ಮೊದಲು, ಜನಸಂದಣಿ ಆಮೇಲೆ.

ಆ ವ್ಯವಸ್ಥೆಯಲ್ಲೂ ದೋಷಗಳಿವೆ. ಮಂಡಳಿಯ ಅಭಿಪ್ರಾಯ ಸಲಹೆ ಮಾತ್ರ. ಹಡ್ಸನ್ ಯಾರ್ಡ್ಸ್‌ಗೆ ಕೊಟ್ಟ ತೆರಿಗೆ ರಿಯಾಯಿತಿಗಳ ಬಗ್ಗೆ ಕಟುವಾದ ಟೀಕೆ ಬಂದಿದೆ. ಮನೆ ಕಟ್ಟುವ ಕೆಲಸವನ್ನು ಈ ಕ್ರಮ ನಿಧಾನ ಮಾಡುತ್ತದೆ ಎಂಬ ದೂರೂ ಇದೆ. ಆದರೂ ಎರಡು ವಿಷಯಗಳಲ್ಲಿ ಅದು ನಮಗೆ ಮಾದರಿ: ಇಡೀ ಯೋಜನೆ ಒಂದೇ ಕಡತವಾಗಿ ಸಾಗುತ್ತದೆ, ಮತ್ತು ಯಾವ ದಿನ ಯಾರ ಮುಂದೆ ಹೋಗಿ ಮಾತಾಡಬೇಕೆಂದು ಸಾಮಾನ್ಯ ನಿವಾಸಿಗೂ ಗೊತ್ತಿರುತ್ತದೆ.

ನಮ್ಮಲ್ಲಿ ನಿರ್ಧಾರ ಯಾರದು?

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದು ಸೇರಿಸಿದ ಹನ್ನೆರಡನೇ ಅನುಸೂಚಿಯ ಮೊದಲೆರಡು ವಿಷಯಗಳೇ ನಗರ ಯೋಜನೆ ಮತ್ತು ಭೂಬಳಕೆಯ ನಿಯಂತ್ರಣ. ಇವು ಚುನಾಯಿತ ನಗರ ಸಂಸ್ಥೆಗಳ ಕೈಗೆ ಬರಬೇಕೆಂಬುದು ಅದರ ಆಶಯ. ಬೆಂಗಳೂರಿನಲ್ಲಿ ಆ ಅಧಿಕಾರ ದಶಕಗಳ ಕಾಲ ರಾಜ್ಯ ಸರ್ಕಾರ ನೇಮಿಸುವ ಬಿಡಿಎ ಬಳಿಯೇ ಇತ್ತು. ಇತ್ತ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಚುನಾಯಿತ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಆ ಸಂಸ್ಥೆಗೆ ಚುನಾವಣೆ ನಡೆಯಲೇ ಇಲ್ಲ. ತಮ್ಮ ಬೀದಿಯ ಪಕ್ಕ ಏಳುವ ಯೋಜನೆಯ ಬಗ್ಗೆ ಕೇಳಲು ಕಾರ್ಪೊರೇಟರ್ ಎಂಬುವರೇ ಇಲ್ಲದೆ ಜನ ವರ್ಷಗಳನ್ನು ಕಳೆದರು.

2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು, ಅವುಗಳ ಮೇಲೆ ಮುಖ್ಯಮಂತ್ರಿಯ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ (ಜಿಬಿಎ) ಬಂತು. ಯೋಜನಾ ಅಧಿಕಾರ ಬಿಡಿಎಯಿಂದ ಜಿಬಿಎಗೆ ಸರಿಯಿತು. ನಗರದ ಜಲಮಂಡಳಿ, ಬೆಸ್ಕಾಂ, ಸಾರಿಗೆ ಸಂಸ್ಥೆಗಳ ಕೆಲಸವನ್ನು ಒಟ್ಟಿಗೆ ಹೊಂದಿಸುವ ಹೊಣೆಯೂ ಅದರದೇ. ಕಡತಗಳ ಜೋಡಣೆ ಇಲ್ಲ ಎಂಬ ಹಳೆಯ ಕೊರತೆಯನ್ನು ನೀಗಿಸಲು ಇದೊಂದು ಅವಕಾಶ. ನಿರ್ಧಾರ ವಾರ್ಡಿನಿಂದ ಇನ್ನಷ್ಟು ಮೇಲಕ್ಕೆ ಹೋಯಿತಲ್ಲ ಎಂಬ ಆತಂಕಕ್ಕೂ ಆಧಾರವಿದೆ.

ನಾಗರಿಕರು ನೋಡಬೇಕಾದ ದಾಖಲೆಗಳು

ಫ್ಲ್ಯಾಟ್ ಕೊಳ್ಳುವವರೂ, ಪಕ್ಕದ ಬೀದಿಯಲ್ಲಿ ವಾಸಿಸುವವರೂ ಕೆಲವು ಕಾಗದಗಳನ್ನು ತಾವೇ ನೋಡಬಹುದು. ಹಳೆಯ ಗ್ರಾಮ ನಕ್ಷೆ ಮತ್ತು ಸರ್ವೆ ದಾಖಲೆಯಲ್ಲಿ ಕೆರೆ, ಕಾಲುವೆ, ‘ಬಿ ಖರಾಬು’ ಎಂದು ಗುರುತಿಸಿದ ಸರ್ಕಾರಿ ಜಾಗ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಆ ಸರ್ವೆ ನಂಬರಿನ ಬಳಕೆ ಯಾವುದು, ನಡುವೆ ಬದಲಾಯಿತೇ ಎಂದು ಕೇಳಬೇಕು. ಪರಿಸರ ಅನುಮತಿ ಪತ್ರದ ಕೊನೆಯಲ್ಲಿರುವ ಷರತ್ತುಗಳ ಪಟ್ಟಿ ಮುಖ್ಯ. ಎಷ್ಟು ನೀರು, ಎಲ್ಲಿಂದ, ಕೊಳಚೆ ಸಂಸ್ಕರಣೆ ಹೇಗೆ, ಕಾಲುವೆಯಿಂದ ಎಷ್ಟು ದೂರ ಎಂಬುದೆಲ್ಲ ಅಲ್ಲಿರುತ್ತದೆ. ರೇರಾ ಜಾಲತಾಣದಲ್ಲಿ ಮಂಜೂರಾದ ನಕ್ಷೆ ಸಿಗುತ್ತದೆ. 2016ರ ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ ಕೊಂಡವರ ಮೂರನೇ ಎರಡರಷ್ಟು ಮಂದಿಯ ಲಿಖಿತ ಒಪ್ಪಿಗೆ ಇಲ್ಲದೆ ಆ ಯೋಜನೆಯ ನಕ್ಷೆಯನ್ನು ಬದಲಾಯಿಸುವಂತಿಲ್ಲ. ಉದ್ಯಾನವೆಂದು ತೋರಿಸಿದ ಜಾಗದಲ್ಲಿ ಇನ್ನೊಂದು ಗೋಪುರ ಏಳತೊಡಗಿದರೆ ಹಿಡಿಯಬೇಕಾದ ಕಲಮು ಇದೇ.

ಮುಂದಿನ ಮಾಸ್ಟರ್ ಪ್ಲಾನ್

ಮಿಶ್ರ ಬಳಕೆ ಒಳ್ಳೆಯ ಯೋಚನೆ. ಕೆಲಸದ ಹತ್ತಿರ ಮನೆ, ಮನೆಯ ಹತ್ತಿರ ಶಾಲೆ ಮತ್ತು ಅಂಗಡಿ ಇದ್ದರೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವ ಬದುಕು ಹಗುರವಾಗುತ್ತದೆ. ಮೆಟ್ರೊ ನಿಲ್ದಾಣದ ಸುತ್ತ ಒತ್ತಾಗಿ ಕಟ್ಟಿದರೆ ಊರಂಚಿನ ತೋಟಗಳು ಉಳಿಯುತ್ತವೆ. ಅದಕ್ಕೆ ಬೇಕಾದ ನಿಯಮಗಳು ಮೂರು. ಮೊದಲನೆಯದು, ಕಣಿವೆ, ಕಾಲುವೆ, ಕೆರೆಯಂಚುಗಳನ್ನು ಗುರುತಿಸಿ ಬದಿಗಿಟ್ಟ ಮೇಲೆಯೇ ಬಣ್ಣ ಹಚ್ಚಬೇಕು. ಎರಡನೆಯದು, ಎಫ್‌ಎಆರ್ ಕೊಡುವಾಗ ರಸ್ತೆಯ ಅಗಲದ ಜೊತೆ ನೀರಿನ ಲಭ್ಯತೆಯನ್ನೂ ಲೆಕ್ಕಕ್ಕೆ ತರಬೇಕು. ಮೂರನೆಯದು, ದೊಡ್ಡ ಯೋಜನೆಗಳಿಗೆ ವಾರ್ಡ್ ಮಟ್ಟದಲ್ಲಿ ಬಹಿರಂಗ ಸಭೆ ಕಡ್ಡಾಯವಾಗಬೇಕು, ಅದಕ್ಕೆ ಗೊತ್ತಾದ ದಿನಾಂಕವೂ ಇರಬೇಕು.

ಈ ಮೂರನ್ನೂ ಬರೆಯಬೇಕಾದ ಜಾಗ ಒಂದೇ, ಹೊಸ ಮಾಸ್ಟರ್ ಪ್ಲಾನ್. ಅದರ ಕರಡು ಪ್ರಕಟವಾದ ದಿನದಿಂದ ಜನರ ಅಭಿಪ್ರಾಯಕ್ಕೆ ಕಾಯ್ದೆ 60 ದಿನ ಕೊಡುತ್ತದೆ. ಅಗರದ ನಾಗರಿಕರು ವರ್ಷಗಟ್ಟಲೆ ನ್ಯಾಯಾಲಯ ಸುತ್ತಿಯೂ ಪಡೆಯಲಾಗದ ಮೀಟರುಗಳನ್ನು ಆ 60 ದಿನದಲ್ಲಿ ಕೇಳಿ ಪಡೆಯಲು ಅವಕಾಶವಿದೆ. ಪ್ರತಿ ವಾರ್ಡಿನ ನಿವಾಸಿಗಳ ಸಂಘ, ಕೆರೆ ಸಮಿತಿ, ವಿದ್ಯಾರ್ಥಿಗಳು ತಮ್ಮ ಸುತ್ತಲಿನ ಕಾಲುವೆ, ಕೋಡಿ, ತೂಬುಗಳನ್ನು ಈಗಲೇ ನಡೆದು ನೋಡಿ, ಗ್ರಾಮ ನಕ್ಷೆಯೊಂದಿಗೆ ತಾಳೆ ಹಾಕಿ, ಬರಹದಲ್ಲಿ ಸಿದ್ಧವಾಗಿಟ್ಟುಕೊಳ್ಳಬೇಕು. ಕರಡು ಹೊರಬಿದ್ದ ಮೇಲೆ ಆ ಕೆಲಸ ಶುರು ಮಾಡಿದರೆ ಎರಡು ತಿಂಗಳು ಸಾಲುವುದಿಲ್ಲ.